ನಾಲ್ಕನೆಯ ಹೆಸರಿನ ಜಾಗ

ಮೈಕಿನಲ್ಲಿ ನನ್ನನ್ನು ಕಡಲಿನ ಮಗ ಎಂದು ಕರೆಯುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ವಡೋದರಾದ ಮಂಜಲ್‌ಪುರದಲ್ಲಿ. ಅಲ್ಲಿ ಕಡಲು ಹಾಗಿರಲಿ, ನೆಟ್ಟಗೆ ಒಂದು ಕೆರೆ ನೋಡಬೇಕೆಂದರೂ ರಿಕ್ಷಾ ಹಿಡಿಯಬೇಕು. ಅಪ್ಪನದು ಉಡುಪಿ ಹೋಟೆಲು. ಮಕರಪುರದ ಕಾರ್ಖಾನೆಗಳಿಗೆ ಹೋಗಿಬರುವವರು ಬೆಳಿಗ್ಗೆ ಇಡ್ಲಿಗೆ, ಸಂಜೆ ದೋಸೆಗೆ ಬರುತ್ತಿದ್ದರು. ನಮ್ಮ ಮನೆತನದಲ್ಲಿ ಮೀನಿಗೆ ಹೋದವರು ಒಬ್ಬರೂ ಇಲ್ಲ. ನಾನಂತೂ ಚಿಕ್ಕಂದಿನಲ್ಲಿ ಹೊಳೆ ದಾಟಿಸುವ ದೋಣಿಯಲ್ಲೇ ವಾಂತಿ ಮಾಡಿಕೊಂಡವನು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾದ ಕಾಲದಲ್ಲಿ ಹೇಳಲಿಲ್ಲ.

ಆದರೆ ಕಡಲ ಮೇಲಿನ ಪ್ರೀತಿ ಸುಳ್ಳಲ್ಲ. ಬೇಸಗೆ ರಜೆಯಲ್ಲಿ ಕುಂದಾಪುರದ ಹತ್ತಿರದ ಅಜ್ಜನ ಮನೆಗೆ ಹೋದರೆ ನನ್ನನ್ನು ಹುಡುಕಲು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ನೇರ ಮರಳಿಗೇ ಬರುತ್ತಿದ್ದರು. ಕಾಲೇಜು ಸೇರಿ ಗಿಟಾರ್ ಕೈಗೆ ಬಂದ ಮೇಲೆ, ತಿಂಗಳಿಗೊಮ್ಮೆಯಾದರೂ ಬೆಳಗಿನ ರೈಲು ಹಿಡಿದು ಸೂರತ್‌ಗೆ ಹೋಗಿ, ಅಲ್ಲಿಂದ ಡುಮಸ್‌ನ ದಡಕ್ಕೆ ಹೋಗುತ್ತಿದ್ದೆ. ಅಲ್ಲಿಯ ಮರಳು ಕಪ್ಪು, ನೀರು ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಗೆಳೆಯರು ಇದೂ ಒಂದು ಸಮುದ್ರವೇ ಎಂದು ಮೂಗು ಮುರಿಯುತ್ತಿದ್ದರು. ನನಗೆ ಅಷ್ಟೇ ಸಾಕಿತ್ತು. ಗಿಟಾರಿನ ತಿರುಪುಗಳಿಗೆ ಮರಳು ಹೊಕ್ಕು ಕಿರುಗುಟ್ಟುವವರೆಗೆ ಕೂತು ಬಾರಿಸಿ, ಭಜಿಯಾ ತಿಂದು, ಸಂಜೆಗೆ ಮನೆ ಸೇರುತ್ತಿದ್ದೆ.

ನಮ್ಮದು ನಾಲ್ಕು ಜನರ ತಂಡ. ಉಳಿದ ಮೂವರೂ ಗುಜರಾತಿಗಳು. ಡ್ರಮ್ ಬಾರಿಸುವವನ ಮಾವನಿಗೆ ಗೋರ್ವಾದಲ್ಲಿ ಮುಚ್ಚಿಹೋದ ಒಂದು ಶೆಡ್ ಇತ್ತು. ಯಂತ್ರಗಳನ್ನು ಕಿತ್ತ ಜಾಗದಲ್ಲಿ ನಟ್ಟುಬೋಲ್ಟು ಇನ್ನೂ ನೆಲದಲ್ಲಿ ಎದ್ದುಕೊಂಡಿದ್ದವು. ಭಾನುವಾರ ಅಲ್ಲಿ ಅಭ್ಯಾಸ. ಮೂರು ವರ್ಷ ಇಂಗ್ಲಿಷ್ ಹಾಡುಗಳನ್ನೇ ಕೆಟ್ಟದಾಗಿ ನಕಲು ಮಾಡಿದೆವು. ಎರಡು ಸಾವಿರದ ಇಸವಿಯ ಆಚೀಚೆ ಗಾಳಿ ಬದಲಾಯಿತು. ಊರ ಹಾಡು, ಜನಪದ, ಅದಕ್ಕೆ ರಾಕ್ ಸೇರಿಸುವುದು ಎಂದರೆ ಕಾಲೇಜುಗಳಲ್ಲಿ ಮರ್ಯಾದೆ ಬಂತು. ಹಾಡುವವನು ತನ್ನ ಅಜ್ಜಿಯ ಒಂದು ಗರ್ಬಾ ತಂದ, ಡ್ರಮ್ಮಿನವನು ಒಂದು ಭಜನೆ ತಂದ. ನಿನ್ನದು ಏನಿದೆ ಎಂದು ನನ್ನನ್ನು ಕೇಳಿದರು. ನನ್ನ ಹತ್ತಿರ ಏನೂ ಇರಲಿಲ್ಲ. ಆಗ ನನಗೆ ಬರುತ್ತಿದ್ದದ್ದು ಹೋಟೆಲಿನ ಕನ್ನಡ, ಅದೂ ಅರ್ಧ ಹಿಂದಿ. ಹೀಗೆ ಬರೆಯುವ ಕನ್ನಡ ಬಹಳ ಆಮೇಲೆ, ಹಟ ಹಿಡಿದು ಕಲಿತದ್ದು.

ನಮ್ಮ ಹೋಟೆಲಿನ ದೋಸೆ ಮಾಸ್ಟ್ರು ಮಾತ್ರ ನಿಜವಾಗಿ ಕಡಲಿನಿಂದ ಬಂದವರು. ಕುಂದಾಪುರದ ಕಡೆಯ, ಮೀನು ಹಿಡಿಯುವ ಮೊಗವೀರರು, ಆಗ ಐವತ್ತರ ಹತ್ತಿರ. ನಾನು ಏಳನೇ ಕ್ಲಾಸಿನಲ್ಲಿರುವಾಗ ಒಂದು ಟ್ರಂಕು ಹಿಡಿದುಕೊಂಡು ಬಂದು, ಮೊದಲು ಪಾತ್ರೆ ತೊಳೆದು, ಆಮೇಲೆ ಕಾವಲಿಯ ಮುಂದೆ ನಿಂತವರು ಅಲ್ಲೇ ಉಳಿದರು. ಮಧ್ಯಾಹ್ನ ಮೂರಕ್ಕೆ ಗಿರಾಕಿ ಕಡಿಮೆಯಾದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಬಟಾಟೆ ಸುಲಿಯುತ್ತಿದ್ದರು. ಆಗ ಒಂದು ಹಾಡು ಗುನುಗುತ್ತಿದ್ದರು. ವರ್ಷಗಟ್ಟಲೆ ಕೇಳಿದ್ದೆ, ಕಿವಿ ಕೊಟ್ಟಿರಲಿಲ್ಲ. ತಂಡದವರು ಕೇಳಿದ ಮರುದಿನ ಕಿವಿ ಕೊಟ್ಟೆ.

ಅದು ದೋಣಿ ದಡಕ್ಕೆ ಬರುವ ಹೊತ್ತಿನ ಹಾಡು. ಮಾಸ್ಟ್ರ ಕೇರಿಯಲ್ಲಿ ಹೀಗೊಂದು ಪದ್ಧತಿ ಇತ್ತಂತೆ: ದೋಣಿ ಹತ್ತಿರವಾಗುತ್ತಲೇ ಮುಂದೆ ಕೂತವನು ದೋಣಿಯಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಉದ್ದಕ್ಕೆ ಎಳೆದು ಕರೆಯುತ್ತಾನೆ. ಹೆಸರಿನವನು ‘ಓ, ಬಂದೆ’ ಎನ್ನುತ್ತಾನೆ. ದಡದ ಮೇಲೆ ನಿಂತ ಹೆಂಗಸರು, ಮುದುಕರು ಕೇಳಿಸಿಕೊಂಡು ಲೆಕ್ಕ ಹಿಡಿಯುತ್ತಾರೆ. ಮಾಸ್ಟ್ರು ಕರೆಯುವುದನ್ನೂ ಓಗೊಡುವುದನ್ನೂ ತಾವೇ ಮಾಡುತ್ತಿದ್ದರು, ಓಗೊಡುವಾಗ ದನಿ ತಗ್ಗಿಸಿ. ನಾನು ಗೆಳೆಯನ ಟೇಪ್ ರೆಕಾರ್ಡರ್ ತಂದು ಬಟಾಟೆಯ ಬುಟ್ಟಿಯ ಪಕ್ಕ ಇಟ್ಟೆ. ಅವರಿಗೆ ನಾಚಿಕೆ. “ಎಂತದ್ ಇದ್ ಮಾಣಿ, ನನ್ ಗಂಟ್ಲ್ ಯಾರಿಗ್ ಬೇಕ್?” ಎಂದರು. ಆದರೂ ಹಾಡಿದರು.

ಮೂರು ಹೆಸರಾದ ಮೇಲೆ ಅವರು ತಾಳದ ನಾಲ್ಕು ಮಾತ್ರೆಯಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಆಮೇಲೆ ಮತ್ತೆ ಹೆಸರು. ಪ್ರತಿ ಸಲವೂ ಅಲ್ಲೇ, ಅಷ್ಟೇ ಹೊತ್ತು. ಉಸಿರು ತೆಗೆದುಕೊಳ್ಳುತ್ತಿರಬೇಕು ಎಂದುಕೊಂಡೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಗಿಟಾರ್ ಹಿಡಿದವನಿಗೆ ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ.

ಗೋರ್ವಾದ ಶೆಡ್ಡಿನಲ್ಲಿ ಆ ಜಾಗಕ್ಕೆ ನಾನೊಂದು ತುಣುಕು ಕೂರಿಸಿದೆ. ಮೇಲಿನ ತಂತಿಯಿಂದ ಜಾರಿ ಕೆಳಗಿಳಿದು ಮತ್ತೆ ಏರುವ ತುಣುಕು, ಎಂಥವನ ತಲೆಯನ್ನೂ ಆಡಿಸುವಂಥದ್ದು. ದೋಣಿಯವರ ಹೆಸರು ತೆಗೆದು ನಮ್ಮ ಹೆಸರು ಹಾಕಿಕೊಂಡೆವು. ಮೂವರು ಗೆಳೆಯರ ಹೆಸರು, ಆಮೇಲೆ ನನ್ನ ತುಣುಕು, ಆಮೇಲೆ ನನ್ನ ಹೆಸರು. ನಾನು ಮೈಕಿಗೆ ಬಾಯಿ ಹಚ್ಚಿ ‘ಓ, ಬಂದೆ’ ಎಂದರೆ ಎದುರಿನ ಹುಡುಗ ಹುಡುಗಿಯರೆಲ್ಲ ಅರ್ಥ ಗೊತ್ತಿಲ್ಲದೆಯೂ ‘ಬಂದೆ, ಬಂದೆ’ ಎಂದು ಕೂಗುತ್ತಿದ್ದರು. ಅದೊಂದು ಹಾಡಿನಿಂದ ನಮ್ಮ ತಂಡಕ್ಕೆ ಹೆಸರು ಬಂತು. ವಡೋದರಾದ ಕಾಲೇಜುಗಳಾದವು, ಆಣಂದ್ ಆಯಿತು, ಅಹಮದಾಬಾದ್ ಕರೆಯಿತು.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಒಂದು ಸ್ಟುಡಿಯೋ. ಹೊಸ ಕಟ್ಟಡದ ಮೂರನೇ ಮಹಡಿ, ಕೆಳಗೆ ವಿಮೆಯವರ ಆಫೀಸು. ಅಲ್ಲಿ ಸಿಡಿ ಮಾಡಿದೆವು. ಧ್ವನಿಮುದ್ರಣ ಮುಗಿದ ಮಧ್ಯಾಹ್ನ ಒಂದು ಗುಜರಾತಿ ಪತ್ರಿಕೆಯಿಂದ ಒಬ್ಬಳು ಹುಡುಗಿ ಬಂದಳು. ಈ ಹಾಡು ನಿಮಗೆ ಎಲ್ಲಿ ಸಿಕ್ಕಿತು ಎಂದು ಹಿಂದಿಯಲ್ಲಿ ಕೇಳಿದಳು. ‘ನಮ್ಮ ಹೋಟೆಲಿನ ದೋಸೆ ಮಾಸ್ಟ್ರು ಹೇಳಿಕೊಟ್ಟರು’ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಗೆಳೆಯ ‘ಇವರದು ಕಡಲತೀರದ ಮನೆತನ’ ಎಂದ. ಹುಡುಗಿ ಕಣ್ಣರಳಿಸಿದಳು. ನಾನು ಹೇಳಿದೆ: “ನನ್ನ ಅಜ್ಜ ಹಾಡುತ್ತಿದ್ದರು. ದಿನಾ ದೋಣಿಯಲ್ಲಿ ಹೋಗುತ್ತಿದ್ದರು.”

ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ನಾನೇ ಹೇಳಿದ್ದು. ಹೇಳುವಾಗ ಖುಷಿಯೂ ಆಯಿತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಅಜ್ಜ ಎಂಥವರು ಎಂದು ಗೊತ್ತಿದ್ದರೆ ಈ ಸುಳ್ಳಿನ ಕೊಳಕು ಪೂರ್ತಿ ತಿಳಿಯುತ್ತದೆ. ಊರಿನಲ್ಲಿ ಮೀನುಗಾರರು ಅಂಗಳಕ್ಕೆ ಬಂದರೆ ದೂರ ನಿಲ್ಲಿಸಿ ಮಾತಾಡಿಸುತ್ತಿದ್ದವರು, ಅವರು ಹೋದ ಮೇಲೆ ನೀರು ಹೊಯ್ಯಿಸುತ್ತಿದ್ದವರು. ಮಾಸ್ಟ್ರ ಜಾತಿಯವರನ್ನು ಅಡಿಗೆಮನೆಯ ಹೊಸ್ತಿಲು ದಾಟಿಸುವುದಿರಲಿ, ಜಗಲಿಯ ಮೇಲೂ ಕೂರಿಸುತ್ತಿರಲಿಲ್ಲ. ಆ ಅಜ್ಜನನ್ನು ನಾನು ದೋಣಿ ಹತ್ತಿಸಿದ್ದೆ, ಮಾಸ್ಟ್ರ ಹಾಡನ್ನು ಅವರ ಬಾಯಿಗೆ ಹಾಕಿದ್ದೆ.

ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಅಪ್ಪ ಗುಜರಾತಿಯನ್ನು ಸಲೀಸಾಗಿ ಓದುತ್ತಿದ್ದರು. ಓದಿ ಕನ್ನಡಕ ತೆಗೆದು, “ಅಜ್ಜಯ್ಯ ಕಡ್ಲಿಗ್ ಹೋದ್ದ್ ಯಾವಾಗನಾ? ಅವ್ರ್ ಮೀನಿನ್ ವಾಸ್ನಿ ಬಂದ್ರೆ ಮೂಗ್ ಮುಚ್ಕಂತಿದ್ರ್” ಎಂದು ನಕ್ಕರು. ಬೈಯಲಿಲ್ಲ. ಆ ತುಂಡನ್ನು ಕತ್ತರಿಸಿ ಗಲ್ಲಾದ ಗಾಜಿನ ಕೆಳಗೆ ಇಟ್ಟರು. ಮಾಸ್ಟ್ರಿಗೆ ಗುಜರಾತಿ ಓದಲು ಬರುತ್ತಿರಲಿಲ್ಲ. ಆದರೆ ಬಂದ ಗಿರಾಕಿಗಳೆಲ್ಲ ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಮತ್ತು ಕಾವಲಿ ಇದ್ದದ್ದು ಗಲ್ಲಾದಿಂದ ಹತ್ತು ಹೆಜ್ಜೆ ದೂರದಲ್ಲಿ. ಕೇಳಿಸಿದ್ದರೂ ಅವರು ದೋಸೆ ಹೊಯ್ಯುತ್ತಲೇ ಇದ್ದರು.

ಸಿಡಿ ಬಂದ ದಿನ ನಾನೇ ಅವರಿಗೆ ಕೇಳಿಸಿದೆ. ಎಷ್ಟು ಚೆನ್ನಾಗಿ ಮಾಡಿದ್ದೀಯ ಎಂದು ಅವರ ಬಾಯಿಂದ ಕೇಳಬೇಕಿತ್ತು. ಮಧ್ಯಾಹ್ನ, ಅದೇ ಮೆಟ್ಟಿಲು. ಅವರ ಕೈಗೆ ಬಟಾಟೆಯ ಹಿಟ್ಟು ಮೆತ್ತಿತ್ತು, ಹಾಗಾಗಿ ಹೆಡ್‌ಫೋನನ್ನು ನಾನೇ ಅವರ ತಲೆಗೆ ಇಟ್ಟೆ. ಕಣ್ಣು ಮುಚ್ಚಿ ಕೇಳುತ್ತಿದ್ದರು, ಗಲ್ಲ ತಾಳಕ್ಕೆ ಆಡುತ್ತಿತ್ತು. ಇದ್ದಕ್ಕಿದ್ದಂತೆ ಮೊಣಕೈಯಿಂದ ಹೆಡ್‌ಫೋನನ್ನು ತಳ್ಳಿಬಿಟ್ಟರು.

“ಇದ್ ಎಂತದ್ ಇಲ್ ಹಾಕಿದ್ದ್?”

“ಗಿಟಾರು, ಮಾಸ್ಟ್ರೆ. ಅಲ್ಲಿ ಖಾಲಿ ಇತ್ತಲ್ಲ.”

“ಖಾಲಿ ಅಲ್ದಾ ಮಾಣಿ ಅದ್. ಅಲ್ ನನ್ ಅಣ್ಣ.”

ಆಮೇಲೆ ಬಟಾಟೆ ಸುಲಿಯುತ್ತಲೇ ಹೇಳಿದರು. ಅವರ ದೋಣಿಯಲ್ಲಿ ಆರು ಜನ. ಅಣ್ಣನದು ನಾಲ್ಕನೆಯ ಹೆಸರು. ಒಂದು ದಿನ ಗಾಳಿ ತಿರುಗಿ ದೋಣಿ ಮಗುಚಿ, ಐವರು ಸಿಕ್ಕಿದರು, ಅಣ್ಣ ಸಿಗಲಿಲ್ಲ. “ಬರ್ದೇ ಇದ್ದವ್ರ್ ಹೆಸ್ರ್ ಕರೂಕಾಗ. ಕರ್‍ದ್ರೆ ಓ ಅನ್ಕಲ್ದಾ? ಅದ್ಕೆ ಜಾಗ ಬಿಡುದ್. ಅವ ಸತ್ತ ಅಂದೂ ಹೇಳುದಿಲ್ಲ, ಬಂದ ಅಂದೂ ಹೇಳುದಿಲ್ಲ. ಜಾಗ ಇತ್ತ್, ಅಷ್ಟೇ.” ಅದಾಗಿ ಆರು ತಿಂಗಳಿಗೆ ಅವರು ಕಡಲು ಬಿಟ್ಟು ರೈಲು ಹತ್ತಿದ್ದರು. ಹಾಡನ್ನು ಬಿಟ್ಟಿರಲಿಲ್ಲ.

ನಾನು ಹೆಡ್‌ಫೋನಿನ ವೈರು ಸುತ್ತತೊಡಗಿದೆ. ಅವರೇ ಹೇಳಿದರು: “ಬಾಕಿದ್ದ್ ನೀನ್ ಎಂತ ಬೇಕಾರೂ ಮಾಡ್ಕೊ. ಯಾರ್ ಹಾಡ್ ಅಂತ ಬೇಕಾರೂ ಹೇಳ್ಕೊ. ಆ ಜಾಗ ಒಂದ್ ಬಿಡ್.”

ಯಾರ ಹಾಡು ಅಂತ ಬೇಕಾದರೂ. ಅಂದರೆ ಪತ್ರಿಕೆಯ ವಿಷಯ ಅವರಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿ, “ಆಯ್ತು ಮಾಸ್ಟ್ರೆ, ಬಿಡ್ತೇನೆ” ಎಂದೆ. ಆ ಕ್ಷಣಕ್ಕೆ ಮನಸ್ಸಿನಿಂದಲೇ ಹೇಳಿದ್ದು.

ಬಿಡುವುದು ಕಷ್ಟದ ಕೆಲಸವೇನಲ್ಲ. ನಾಲ್ಕು ಮಾತ್ರೆ ಕೈ ಎತ್ತಿ ಸುಮ್ಮನಿದ್ದರೆ ಆಯಿತು. ಆದರೆ ತಂಡದವರಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅಣ್ಣ ಯಾರು ಎಂದು ಕೇಳುತ್ತಾರೆ, ಆಗ ಮಾಸ್ಟ್ರ ಹೆಸರು ಬರುತ್ತದೆ, ಆಗ ನನ್ನ ಅಜ್ಜ ದೋಣಿಯಿಂದ ಇಳಿಯಬೇಕಾಗುತ್ತದೆ. ಎರಡು ಅಭ್ಯಾಸ ನೆವ ಹೇಳಿ ತಪ್ಪಿಸಿಕೊಂಡೆ. ಮೂರನೆಯದರಲ್ಲಿ, “ಆ ತುಣುಕು ಬೇಡವೇನೋ, ಜಾಸ್ತಿ ಆಯಿತು” ಎಂದು ಗುಣುಗುಟ್ಟಿದೆ. ಡ್ರಮ್ಮಿನವನು, “ತಲೆ ಕೆಟ್ಟಿದೆಯಾ? ಜನ ಬರುವುದೇ ಅದಕ್ಕೆ” ಎಂದ. ಸರಿ, ವೇದಿಕೆಯ ಮೇಲೆ ನಾನೇ ಬಾರಿಸದೆ ಬಿಟ್ಟರಾಯಿತು, ಆಮೇಲೆ ನೋಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಚಳಿಗಾಲ ಸೂರತ್‌ನಲ್ಲಿ ದೊಡ್ಡ ಕಾರ್ಯಕ್ರಮ. ಅಷ್ಟು ಜನರ ಮುಂದೆ ನಾವು ಎಂದೂ ಬಾರಿಸಿರಲಿಲ್ಲ. ಮಾಸ್ಟ್ರನ್ನು ನಾನೇ ಕರೆದೆ. ಕಾರ್ಯಕ್ರಮ ನೋಡಿ, ಮರುದಿನ ಡುಮಸ್‌ಗೆ ಹೋಗೋಣ, ಕಡಲು ನೋಡಿ ಎಷ್ಟು ಕಾಲವಾಯಿತು ನೀವು ಎಂದೆ. ಊರಿಗೆ ಹೋಗುವುದಕ್ಕಲ್ಲದೆ ಅವರು ರಜೆ ಕೇಳಿದ್ದು ಅದೇ ಮೊದಲು. ಅಪ್ಪ ಖುಷಿಯಿಂದ ಕೊಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಭರೂಚ್‌ನ ಸೇತುವೆ ಬಂದಾಗ ನರ್ಮದೆಗೆ ಕೈ ಮುಗಿದರು. ನನ್ನ ಗಿಟಾರಿನ ಚೀಲವನ್ನು ಮಡಿಲಿನಲ್ಲಿ ಇಟ್ಟುಕೊಂಡಿದ್ದರು, ಮೇಲೆ ಇಡಿ ಎಂದರೂ ಇಡಲಿಲ್ಲ.

ಸಂಜೆ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ನಿರೂಪಕ ಎಂದಿನಂತೆ ಕಡಲಿನ ಮಗ ಎಂದ, ಅಜ್ಜನ ಹಾಡು ಎಂದ. ಮಾಸ್ಟ್ರು ಉಳಿದವರ ಜೊತೆ ಚಪ್ಪಾಳೆ ತಟ್ಟಿದರು. ಹಾಡು ಶುರುವಾಯಿತು. ಮೊದಲ ಹೆಸರು, ಎರಡನೆಯದು, ಮೂರನೆಯದು. ನಾನು ಕೈ ಎತ್ತಿದೆ. ನಿಜವಾಗಿಯೂ ಎತ್ತಿದೆ. ಮಾಸ್ಟ್ರು ಕುರ್ಚಿಯ ಅಂಚಿಗೆ ಬಂದು ನನ್ನನ್ನೇ ನೋಡುತ್ತಿದ್ದರು. ಎತ್ತಿದ ಕೈ ನೋಡಿ ಜನ ಇವನು ಆಟ ಆಡಿಸುತ್ತಿದ್ದಾನೆ ಎಂದುಕೊಂಡು ಹುಚ್ಚೆದ್ದು ಕೂಗಿದರು. ಆ ಕೂಗು ನನ್ನ ಎದೆಗೆ ಹೊಕ್ಕಿತು. ಬಾರಿಸಿದೆ.

ಕೈ ತಪ್ಪಿತು ಎಂದು ಹೇಳಬಹುದಿತ್ತು. ತಪ್ಪಲಿಲ್ಲ. ನಾಲ್ಕು ಮಾತ್ರೆಯದನ್ನು ಹದಿನಾರಕ್ಕೆ ಎಳೆದೆ, ಇನ್ನೊಂದು ಸುತ್ತು ತಿರುಗಿಸಿದೆ, ಮೊಣಕಾಲೂರಿದೆ. ಅಷ್ಟು ಚೆನ್ನಾಗಿ ನಾನು ಅದನ್ನು ಹಿಂದೆಂದೂ ಬಾರಿಸಿರಲಿಲ್ಲ. ಮುಗಿಸಿ ನನ್ನ ಹೆಸರಿಗೆ ‘ಓ, ಬಂದೆ’ ಎಂದು ಕೂಗುವಾಗ ಮೊದಲ ಸಾಲಿನ ಕಡೆ ಕಣ್ಣು ಹೋಯಿತು. ಅವರು ತಮ್ಮ ಎರಡು ಅಂಗೈಗಳನ್ನೂ ನೋಡಿಕೊಳ್ಳುತ್ತ ಕೂತಿದ್ದರು.

ಮರುದಿನದ ಬೆಳಗನ್ನು ಬರೆಯುವ ಮುಂಚೆ ಆಮೇಲಿನದನ್ನು ಹೇಳಿ ಮುಗಿಸುತ್ತೇನೆ. ತಂಡ ಇನ್ನೂ ನಾಲ್ಕು ವರ್ಷ ನಡೆಯಿತು. ಆ ಹಾಡನ್ನು ಪ್ರತಿ ಕಾರ್ಯಕ್ರಮದಲ್ಲೂ ಬಾರಿಸಿದೆ, ಆ ತುಣುಕಿನ ಸಮೇತ; ಒಮ್ಮೆ ಮಾಡಿದ ಮೇಲೆ ಇನ್ನೇನು ಎನ್ನುವ ಭಂಡತನ. ಮಾಸ್ಟ್ರು ನಮ್ಮಲ್ಲಿ ಮತ್ತೆ ಒಂದೂವರೆ ವರ್ಷ ಇದ್ದು ಊರಿಗೆ ಮರಳಿದರು. ನನ್ನ ಜೊತೆ ಮುನಿಸು ತೋರಿಸಲಿಲ್ಲ. ದೋಸೆ ಗರಿಗರಿಯಾಗಿಯೇ ಹಾಕಿಕೊಡುತ್ತಿದ್ದರು, ಚಟ್ನಿ ಸಾಕಾ ಎಂದು ಕೇಳುತ್ತಿದ್ದರು. ಒಂದು ಸಲ ಗಟ್ಟಿಯಾಗಿ ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೇನೋ. ಅವರಾಗಿ ಬೈಯಲಿ ಎಂದು ಕಾಯುವುದೂ ಹೇಡಿತನವೇ ಎಂದು ಆಗ ಗೊತ್ತಿರಲಿಲ್ಲ. ಮಧ್ಯಾಹ್ನ ಅದೇ ಮೆಟ್ಟಿಲ ಮೇಲೆ ಬಟಾಟೆ ಸುಲಿಯುತ್ತಿದ್ದರು, ಬಾಯಿ ಮುಚ್ಚಿಕೊಂಡು. ಆ ಹಾಡನ್ನು ಅವರ ಬಾಯಿಂದ ನಾನು ಕೊನೆಯ ಸಲ ಕೇಳಿದ್ದು ಡುಮಸ್‌ನಲ್ಲಿ.

ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಅಲ್ಲಿಗೆ ಹೋದೆವು. ದಾರಿಯುದ್ದಕ್ಕೂ ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ: ಜನ ಬಿಡಲಿಲ್ಲ, ಮರೆತುಹೋಯಿತು, ಮುಂದಿನ ಸಲ ಖಂಡಿತ. ಅವರು ಅವಕಾಶವನ್ನೇ ಕೊಡಲಿಲ್ಲ. ಇಳಿತದ ಹೊತ್ತು, ನೀರು ಬಹಳ ದೂರ ಸರಿದಿತ್ತು. “ಇಲ್ ಅಡಿ ಕೆಸ್ರ್, ಮೀನಿನ್ ಬಲಿ ಎಳೂದ್ ಕಷ್ಟ” ಎಂದರು. ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟರು, ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗೆ ನಡೆದರು. ನಾನು ಪಾದ ತೋಯುವಷ್ಟರಲ್ಲೇ ನಿಂತೆ.

ಅವರು ಶುರುಮಾಡಿದರು. ಒಂದು ಹೆಸರು ಕರೆದು, ತಗ್ಗಿದ ದನಿಯಲ್ಲಿ ‘ಓ, ಬಂದೆ’ ಎಂದರು. ಎರಡನೆಯದು. ಮೂರನೆಯದು. ಆಮೇಲೆ ಆ ಜಾಗ. ನಾನು ಉಸಿರು ಬಿಗಿಹಿಡಿದೆ, ಈಗಲಾದರೂ ಅದನ್ನು ಸರಿಯಾಗಿ ಕೇಳಬೇಕೆಂದು.

ಅವರು ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ.

“ಜಾಗ ತುಂಬಿ ಆಯ್ತಲೆ ಮಾಣಿ. ಇನ್ ಕರೀಲಕ್ಕ್.”

ಮತ್ತೆ ಕಡಲಿನ ಕಡೆ ತಿರುಗಿ ಅಣ್ಣನ ಹೆಸರು ಹಿಡಿದು ಕರೆದರು. ಹಾಡಿನ ಹಾಗೆ ಅಲ್ಲ, ಮನೆಯ ಹೊರಗಿರುವವನನ್ನು ಊಟಕ್ಕೆ ಕರೆಯುವ ಹಾಗೆ, ಗಟ್ಟಿಯಾಗಿ. ದೂರದ ಭಜಿಯಾ ಅಂಗಡಿಯವನೂ ತಿರುಗಿ ನೋಡಿದ. ಈ ಹೆಸರಿಗೆ ಅವರು ತಾವೇ ಓಗೊಡಲಿಲ್ಲ. ಕಿವಿಯ ಹಿಂದೆ ಕೈ ಇಟ್ಟುಕೊಂಡು ಕಾದರು. ನಾಲ್ಕು ಮಾತ್ರೆಯಲ್ಲ, ಹದಿನಾರಲ್ಲ, ನಾನು ಎಣಿಸುವುದನ್ನು ಬಿಟ್ಟ ಮೇಲೂ ಕಾದರು. ಅವರ ಚಪ್ಪಲಿ ಹಿಡಿದುಕೊಂಡು ನಾನು ಹಿಂದೆ ನಿಂತಿದ್ದೆ, ಒಂದು ಹೆಜ್ಜೆ ಮುಂದಿಡುವ ಧೈರ್ಯವೂ ಇಲ್ಲದೆ.

ಆಮೇಲೆ ಕೈ ಕೆಳಗಿಳಿಸಿ, ನೀರಿನಿಂದ ಹೊರಗೆ ಬಂದು, ವಡೋದರಾದ ರೈಲು ಎಷ್ಟು ಗಂಟೆಗೆ, ಸಂಜೆಗೆ ಹಿಟ್ಟು ರುಬ್ಬಬೇಕು ಎಂದರು. ಉಳಿದ ಎರಡು ಹೆಸರುಗಳನ್ನು ಕರೆಯಲಿಲ್ಲ. ಅವುಗಳಲ್ಲಿ ಕೊನೆಯದು ಅವರದೇ.